ಬೋರೆಯ ಬನ್ನಿ

ಗುಂಡ್ಲುಪೇಟೆ
12 ಜೂನ್ 1995

ಶಾಂತಾ,

ಲಕೋಟೆಯ ಮೇಲಿನ ಅಕ್ಷರ ನೋಡಿದಾಗಲೇ ಯಾರೆಂದು ನಿನಗೆ ಗೊತ್ತಾಗಿರುತ್ತದೆ. ಸಂತೆಮರಹಳ್ಳಿ ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಆಮೇಲೆ ನೀನು ಮದುವೆಯಾಗಿ ನನ್ನ ಹುಟ್ಟೂರು ಕಾರೆಮಾಳಕ್ಕೇ ಸೊಸೆಯಾಗಿ ಹೋದೆ. ನಾನು ಓದು, ಕೆಲಸ ಎಂದು ಊರಿನಿಂದ ಹೊರಗೇ ಉಳಿದೆ. ಏಳು ವರ್ಷ ಒಂದು ಸಾಲೂ ಬರೆಯಲಿಲ್ಲ. ಅದಕ್ಕೆ ನೆಪ ಹೇಳುವುದಿಲ್ಲ.

ನೀನು ಪಂಚಾಯಿತಿ ಮೆಂಬರ್ ಆಗಿರುವ ಸುದ್ದಿಯನ್ನು ಈಗ ಸಂತೆಮರಹಳ್ಳಿಯಲ್ಲಿರುವ ಅವ್ವ ಹೇಳಿದಳು. ಅದರಿಂದಲೇ ಕೆಲಸದ ಮಾತಿಗೆ ಬರುತ್ತೇನೆ. ನಾನೀಗ ಗುಂಡ್ಲುಪೇಟೆಯ ಒಂದು ಸಣ್ಣ ಸಂಸ್ಥೆಯಲ್ಲಿ ನರ್ಸರಿ ನೋಡಿಕೊಳ್ಳುತ್ತೇನೆ. ಹಾಳುಬಿದ್ದ ಕುರುಚಲು ಕಾಡಿನಲ್ಲಿ ಮೊದಲು ಏನೇನಿತ್ತೋ ಅದೇ ಗಿಡಗಳನ್ನು ಮತ್ತೆ ಬೆಳೆಸುವುದು ನಮ್ಮ ಕೆಲಸ. ನಿಮ್ಮೂರ ಬೋರೆ ಇದೆಯಲ್ಲ, ಪುಣಜನೂರು ರಸ್ತೆಯಿಂದ ಮೇಲಕ್ಕೇರುವ ಮೂವತ್ತು ಎಕರೆ ಗೋಮಾಳ, ಅದರ ಮಾತು ಇದು. ನಾನು ಚಿಕ್ಕವಳಿದ್ದಾಗ ಅಲ್ಲಿ ಕಾರೆ, ಕವಳೆ, ಎಲಚಿ, ಬಂದರೆ, ತಂಗಡಿ ಒಂದರ ಮೈಮೇಲೊಂದು ಬೆಳೆದಿದ್ದವು. ನಡುವೆ ಮೊಣಕಾಲುದ್ದ ಗಂಜಳಗರಿಕೆ ಹುಲ್ಲು. ನೀಲಗಿರಿ ನೆಡಲು ಅದನ್ನೆಲ್ಲ ಸವರಿ ಹಾಕಿದರು. ಕೊನೆಗೆ ನೀಲಗಿರಿಯನ್ನೂ ಕಡಿದುಕೊಂಡು ಹೋದರು. ಈಗ ಉಳಿದಿರುವುದು ಲಂಟಾನ, ಕಲ್ಲು, ಕೆಂಪು ಮಣ್ಣು. ಮಳೆ ಬಂದರೆ ಆ ಮಣ್ಣೂ ಕೆರೆಗೆ ಇಳಿಯುತ್ತದೆ.

ಆ ಬೋರೆಯಲ್ಲಿ ಹಳೆಯ ಗಿಡಗಳನ್ನು ಮತ್ತೆ ನೆಡಬೇಕೆಂದು ನಮ್ಮ ಸಂಸ್ಥೆಯವರಿಗೆ ಆಸೆಯಿದೆ. ಮೂರು ವರ್ಷ ದನ, ಆಡು ಬಿಡುವಂತಿಲ್ಲ. ನಾವು ಕೇಳುವುದು ಅಷ್ಟೇ. ಜಾಗ ಎಂದಿನಂತೆ ಊರಿನದೇ. ಇದರ ಜೊತೆಗಿರುವ ಅರ್ಜಿಯನ್ನು ಮೀಟಿಂಗಿನಲ್ಲಿ ಇಡುತ್ತೀಯಾ?

ನಾನೇ ಬಂದು ಹೇಳಬಹುದಿತ್ತು. ಆದರೆ ಆ ಊರಿನಲ್ಲಿ ನನ್ನ ಮಾತನ್ನು ಯಾರು ಕೇಳುತ್ತಾರೆ, ಯಾರು ಕೇಳುವುದಿಲ್ಲ ಎಂಬುದು ಈಗ ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ನಿನ್ನ,
ಕುಮಾರಿ


ಕಾರೆಮಾಳ
4 ಜುಲೈ 1995

ಕುಮಾರಿ,

ನಿನ್ನ ಲಕೋಟೆ ನನ್ನ ಕೈಗೆ ಬರುವಾಗಲೇ ಒಡೆದಿತ್ತು. ನಮ್ಮ ಯಜಮಾನರು ಓದಿದ್ದರು. ಅವರಿಗಿಂತ ಮೊದಲು ಇನ್ನಾರು ಓದಿದ್ದರೋ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಏನು ಬರೆಯಬೇಕು, ಏನು ಬಿಡಬೇಕು ಎಂದು ನೀನು ಯೋಚಿಸಿಕೊಳ್ಳಬಹುದು.

ಅರ್ಜಿಯನ್ನು ಮೀಟಿಂಗಿನಲ್ಲಿ ಇಟ್ಟೆ. ಇಟ್ಟೆ ಎಂದರೆ, ಯಜಮಾನರು ಇಟ್ಟರು, ನಾನು ಪಕ್ಕದಲ್ಲಿ ಕೂತಿದ್ದೆ. ಎಲ್ಲರೂ ನಕ್ಕರು. ಮುಳ್ಳು ಕಡಿಯುವವರನ್ನು ನೋಡಿದ್ದೇವೆ, ಕೂಲಿ ಕೊಟ್ಟು ಮುಳ್ಳು ನೆಡಿಸುವವರನ್ನು ನೋಡಿಲ್ಲ ಎಂದರು. ಬೋರೆ ಫಾರೆಸ್ಟ್ ಇಲಾಖೆಯವರ ಪಾಲಾಗುತ್ತದೆ ಎಂದು ಒಬ್ಬರು ಹೇಳಿದರು. ಇನ್ನೊಬ್ಬರು, ನೆಲದಡಿಯಲ್ಲಿ ಕರಿಕಲ್ಲಿದೆ, ಅದನ್ನು ಅಗೆಯಲು ಗಿಡ ಬರೀ ಮರೆ ಎಂದರು. ಹೋದ ವಾರ ಜೀಪಿನಲ್ಲಿ ಇಬ್ಬರು ಬಂದು, ಬೋರೆಯ ಮೇಲೆ ಸುತ್ತಿಗೆಯಿಂದ ಕುಟ್ಟಿ, ಚೀಲದಲ್ಲಿ ಏನನ್ನೋ ತುಂಬಿಕೊಂಡು ಹೋದರು. ಯಾರು ಅವರು? ನಿನ್ನ ಕಾಗದದಲ್ಲಿ ಅವರ ಮಾತೇ ಇಲ್ಲ. ಕಾಡಿನಲ್ಲಿ ಪೊಲೀಸರ ಹುಡುಕಾಟ ನಡೆದಿರುವ ಈ ದಿನಗಳಲ್ಲಿ ಗೊತ್ತಿಲ್ಲದ ಜೀಪು ಬಂತೆಂದರೆ ಇಲ್ಲಿ ಹೆಂಗಸರು ಕದ ಹಾಕಿಕೊಳ್ಳುತ್ತಾರೆ.

ಆದರೂ ಒಪ್ಪಿಗೆಯಾಯಿತು. ಅಧ್ಯಕ್ಷರು ಬಸವಣ್ಣನವರು ಯಾವುದಕ್ಕೂ ಬೇಗ ತಲೆಯಾಡಿಸುವವರಲ್ಲ. ಇದಕ್ಕೆ ಮಾತ್ರ "ಆಗ್ಲಿ ಬುಡಿ, ಒಳ್ಳೇದೇಯ" ಎಂದು ಅಲ್ಲೇ ರುಜು ಹಾಕಿದರು. ಯಾಕೆಂದು ನನಗೆ ತಿಳಿಯಲಿಲ್ಲ. ನಿನಗೆ ತಿಳಿದಿದ್ದರೆ ಬರೆ.

ಇನ್ನೊಂದು ಮಾತು. ಏಳು ವರ್ಷ ನೆನಪಾಗದ ನಾನು ಮೆಂಬರ್ ಆದ ಮೇಲೆ ನೆನಪಾದೆ. ಅದು ತಪ್ಪೆಂದು ಹೇಳುತ್ತಿಲ್ಲ. ನನ್ನ ಗಮನಕ್ಕೆ ಬಂತು ಎಂದು ಮಾತ್ರ ಹೇಳುತ್ತಿದ್ದೇನೆ.

ಶಾಂತಮಲ್ಲಮ್ಮ


ಗುಂಡ್ಲುಪೇಟೆ
22 ಅಕ್ಟೋಬರ್ 1995

ಶಾಂತಾ,

ಜೀಪಿನವರು ನಮ್ಮವರೇ. ಮಣ್ಣಿನ ಪರೀಕ್ಷೆಗೆ ಬಂದಿದ್ದರು. ಅವರು ಅಷ್ಟು ಬೇಗ ಬರುತ್ತಾರೆಂದು ನನಗೇ ತಿಳಿದಿರಲಿಲ್ಲ. ಚೀಲದಲ್ಲಿದ್ದದ್ದು ಮಣ್ಣು. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ಬಸವಣ್ಣನವರು ಯಾಕೆ ಒಪ್ಪಿದರೆಂದು ನನಗೂ ಗೊತ್ತಿಲ್ಲ. ಒಪ್ಪಿದರಲ್ಲ ಎಂದು ನಾನು ಮುಂದೆ ಕೇಳಲಿಲ್ಲ.

ಐದು ದಿನ ನಾನು ನಿಮ್ಮೂರಿನಲ್ಲೇ ಇದ್ದದ್ದನ್ನು ನೀನು ನೋಡಿದೆ. ಲಂಟಾನ ಕಡಿದು ರಾಶಿ ಹಾಕಿ ಗಿಡ ನೆಟ್ಟೆವು, ಮಣ್ಣು ಒಳ್ಳೆಯ ಹದದಲ್ಲಿತ್ತು. ಮೇಲ್ಭಾಗದಲ್ಲಿ ಕಾರೆ, ಬಂದರೆ, ನಡುವೆ ಎಲಚಿ, ಕವಳೆ, ಹಳ್ಳದ ಬದಿಗೆ ತಂಗಡಿ. ಪೂರ್ವಕ್ಕೆ, ನಿಮ್ಮ ಹೊಲದ ಬೇಲಿಯ ಪಕ್ಕದ ಪಟ್ಟಿಯಲ್ಲಿ ಬನ್ನಿ. ಬನ್ನಿ ಎಂದ ಕೂಡಲೇ ನಿಮ್ಮೂರ ಹಿರಿಯರ ಮುಖ ಸಡಿಲವಾಯಿತು. ಪೂಜೆಯ ಮರವನ್ನು ನೆಡುವವರು ಮೋಸಗಾರರಾಗಿರಲಾರರು ಎನ್ನಿಸಿರಬೇಕು. ಜನವರಿಯಲ್ಲಿ ನಮಗೆ ನೆರವು ಕೊಡುವವರು ದೂರದಿಂದ ನೋಡಲು ಬರುತ್ತಾರೆ. ಅಲ್ಲಿಯವರೆಗೆ ಬೋರೆಯ ಮೇಲೊಂದು ಕಣ್ಣಿಟ್ಟಿರು.

ಪಂಚಾಯಿತಿ ಕಟ್ಟೆಯ ಹತ್ತಿರ ನಾನು "ಶಾಂತಾ" ಎಂದು ಕರೆದೆ. ನೀನು ತಿರುಗಿದೆ. ಆಮೇಲೆ ಸುತ್ತ ನಿಂತವರನ್ನು ನೋಡಿ, "ಏನ್ ಬೇಕಿತ್ತು?" ಎಂದೆ. ನಾನು ಏನೂ ಬೇಡ ಎಂದೆ. ನಿಮ್ಮ ಮನೆಯ ಜಗಲಿಯಲ್ಲಿ ನಡೆದದ್ದನ್ನು ಈಗ ಬರೆಯುವುದಿಲ್ಲ.

ಕುಮಾರಿ


ಗುಂಡ್ಲುಪೇಟೆ
19 ಜನವರಿ 1996

ಶಾಂತಾ,

ಅಕ್ಟೋಬರಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಅದಿರಲಿ.

ಮೊನ್ನೆ ಬೋರೆಗೆ ಬಂದಿದ್ದೆ. ನಿನಗೆ ಹೇಳದೆ ಬಂದೆ, ಬೇಕೆಂದೇ. ಕಾರೆ ಚಿಗುರಿದೆ, ತಂಗಡಿ ಚೆನ್ನಾಗಿದೆ, ಬಂದರೆ ಅರ್ಧ ಹೋಗಿದೆ. ಅದೆಲ್ಲ ನಾವು ಅಂದುಕೊಂಡ ಹಾಗೆಯೇ. ಆದರೆ ಪೂರ್ವದ ಪಟ್ಟಿಯಲ್ಲಿ ಬನ್ನಿ ಗಿಡಗಳಲ್ಲಿ ಮುಕ್ಕಾಲು ಪಾಲು ಇಲ್ಲ. ಆಡು ಮೇಯ್ದಿದ್ದರೆ ತುದಿ ಹೋಗಿರುತ್ತದೆ, ಬುಡ ನಿಂತಿರುತ್ತದೆ. ಇಲ್ಲಿ ಒಂದೊಂದನ್ನೂ ಬೇರುಸಮೇತ ಎಳೆದು, ಬಿಸಿಲಿಗೆ ಬೇರು ಮೇಲೆ ಮಾಡಿ, ಕಲ್ಲಿನ ಮೇಲೆ ಒಣಗಲು ಇಟ್ಟಿದ್ದಾರೆ. ಇದು ಬಾಯಿಯ ಕೆಲಸವಲ್ಲ, ಕೈಯ ಕೆಲಸ. ಪಕ್ಕದ ಎಲಚಿಗೆ ಉಗುರೂ ತಾಗಿಲ್ಲ.

ನೇರವಾಗಿ ಕೇಳುತ್ತೇನೆ. ಆ ಪಟ್ಟಿಗೆ ಅಂಟಿಕೊಂಡಿರುವ ಹೊಲ ನಿನ್ನ ಯಜಮಾನರು ಮಹದೇವಪ್ಪನವರದು. ಕರಿಕಲ್ಲು ಮೇಲೆದ್ದು ಕಾಣುವುದೂ ಆ ಪಟ್ಟಿಯಲ್ಲೇ. ಹೋದ ತಿಂಗಳು ಅವರು ಚಾಮರಾಜನಗರದಲ್ಲಿ ಕಲ್ಲು ವ್ಯಾಪಾರದವರ ಜೊತೆ ಹೋಟೆಲಿನಲ್ಲಿ ಕೂತಿದ್ದನ್ನು ನನ್ನ ಅಣ್ಣ ದೊರೆಸ್ವಾಮಿ ಕಂಡಿದ್ದಾನೆ. ನೋಡಲು ಬರುವವರ ದಿನವನ್ನು ಮಾರ್ಚಿಗೆ ಮುಂದೂಡಿಸಿದ್ದೇನೆ. ಅಷ್ಟರಲ್ಲಿ ನನಗೆ ಉತ್ತರ ಬೇಕು.

ಕುಮಾರಿ


ಕಾರೆಮಾಳ
30 ಜನವರಿ 1996

ಕುಮಾರಿ,

ಈ ಕಾಗದವೂ ಒಡೆದೇ ಬಂತು. ನೀನು ನಮ್ಮ ಯಜಮಾನರ ಬಗ್ಗೆ ಬರೆದದ್ದನ್ನು ಅವರು ನನಗಿಂತ ಮೊದಲು ಓದಿದರು. ಊಟಕ್ಕೆ ಕೂತವರು ಅರ್ಧಕ್ಕೇ ಎದ್ದರು. "ನಿನ್ ಗೆಳತಿ ನನ್ನ ಕಳ್ಳ ಅಂತವಳೆ, ಓದ್ಕೊ" ಎಂದು ಮುಂದಿಟ್ಟು ಹೋದರು. ಹೋಟೆಲಿನಲ್ಲಿ ಅವರ ಜೊತೆ ಕೂತಿದ್ದವರು ಅವರ ಸೋದರಮಾವನ ಮಗ. ಕಲ್ಲು ಕೆಲಸದಲ್ಲಿದ್ದಾನೆ, ನಿಜ. ಅವನು ತಂಗಿಯ ಮದುವೆಗೆ ಕರೆಯಲು ಬಂದಿದ್ದ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು ಎಂದು ನೀನೇ ಬರೆದಿದ್ದೆಯಲ್ಲ, ಅದೇ ಮಾತನ್ನು ನಿನಗೆ ಹಿಂದಿರುಗಿಸುತ್ತೇನೆ.

ಅವರು ಒಂದು ಗಿಡವನ್ನೂ ಮುಟ್ಟಿಲ್ಲ. ಇದನ್ನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ.

ಈಗ ನಾನೊಂದು ಕೇಳುತ್ತೇನೆ. ಆ ಬನ್ನಿ ಸಸಿಗಳನ್ನು ಎಲ್ಲಿಂದ ತಂದಿರಿ? ಬೀಜ ಯಾರು ಕೊಟ್ಟರು? ಉಳಿದ ಗಿಡಗಳು ಬೆರಳುದ್ದ ಇರುವಾಗ ಅವು ಮಾತ್ರ ಅಷ್ಟು ಬೇಗ ಹೇಗೆ ಎದ್ದವು?

ಶಾಂತಮಲ್ಲಮ್ಮ


ಗುಂಡ್ಲುಪೇಟೆ
11 ಫೆಬ್ರವರಿ 1996

ಮಾನ್ಯ ಸದಸ್ಯರಾದ ಶ್ರೀಮತಿ ಶಾಂತಮಲ್ಲಮ್ಮನವರಿಗೆ,

ನಿಮ್ಮ ಪತ್ರ ತಲುಪಿತು. ಸಸಿಗಳು ನಮ್ಮ ನರ್ಸರಿಯವು. ಚೆನ್ನಾಗಿ ನೀರುಣಿಸಿದ್ದರಿಂದ ಬೇಗ ಬೆಳೆದಿವೆ. ಅದರ ಬಗ್ಗೆ ಹೆಚ್ಚಿನ ಮಾತು ಬೇಕಾಗಿಲ್ಲ.

ಗಿಡ ಕಿತ್ತವರನ್ನು ಪತ್ತೆ ಮಾಡಿ ಕ್ರಮ ತೆಗೆದುಕೊಳ್ಳಬೇಕೆಂದು ಕೋರಿ ಪಂಚಾಯಿತಿ ಅಧ್ಯಕ್ಷರಿಗೆ ಇಂದು ದೂರು ಕಳುಹಿಸಿದ್ದೇನೆ. ಅದರಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ನಿಮ್ಮ ಮನೆಯವರಿಗೆ ಸಂಬಂಧವಿಲ್ಲವೆಂದಾದರೆ ನೀವು ಹೆದರಬೇಕಾದ್ದೂ ಇಲ್ಲ.

ಇಂತಿ,
ಕುಮಾರಿ ಎಂ.


ಕಾರೆಮಾಳ
9 ಏಪ್ರಿಲ್ 1996

ಕುಮಾರಿ,

ನೀನು ಹೆಸರು ಬರೆದಿರಲಿಲ್ಲ. ಆ ಜಾಗದಲ್ಲಿ ಅವರೇ ಒಂದು ಹೆಸರು ಬರೆದುಕೊಂಡರು.

ಹೋದ ಬುಧವಾರ ಬಸವಣ್ಣನವರ ಆಳುಗಳು ರಾಚಮ್ಮನ ಹನ್ನೊಂದು ಆಡುಗಳನ್ನು ಬೋರೆಯ ಅಂಚಿನಲ್ಲಿ ಹಿಡಿದು ಪಂಚಾಯಿತಿ ದೊಡ್ಡಿಗೆ ಕೂಡಿದರು. ಬನ್ನಿ ಕಿತ್ತವಳು ಇವಳೇ, ಮೇವಿಗೆ ಜಾಗ ಮುಚ್ಚಿದ ಸಿಟ್ಟಿಗೆ ಕಿತ್ತಿದ್ದಾಳೆ ಎಂದರು. ರಾಚಮ್ಮ ನಿನ್ನ ಚಿಕ್ಕವ್ವ, ನಿನ್ನವ್ವನ ಒಡಹುಟ್ಟಿದವಳು. ಇದನ್ನು ನಾನು ನಿನಗೆ ನೆನಪಿಸಬೇಕಾಗಿ ಬಂತು.

ಮೂರು ದಿನ ಆಡುಗಳು ಆ ಬಿಸಿಲಿನಲ್ಲಿ ಮೋಟುಗೋಡೆಯೊಳಗೆ ನಿಂತಿದ್ದವು. ಅವಳು ಕೊಡದಲ್ಲಿ ನೀರು ಹೊತ್ತು ತಂದರೆ ಬಾಗಿಲು ತೆಗೆಯಲಿಲ್ಲ. ಗೋಡೆಯ ಮೇಲಿಂದ ಹುಯ್ದಳು, ಅರ್ಧ ನೆಲ ಕುಡಿಯಿತು. ತುಂಬಿದ ಗಬ್ಬದ ಆಡು ಒಂದಿತ್ತು. ಮೂರನೆಯ ದಿನ ಅದು ಸತ್ತ ಮರಿ ಹಾಕಿತು. ಆಮೇಲೆ ಬಿಟ್ಟರು.

ಅವಳು ಜಗಳವಾಡಲಿಲ್ಲ, ಅಳಲಿಲ್ಲ. ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಮನೆಯ ಮುಂದೆಯೇ ಹಾದುಹೋದಳು. ನನ್ನನ್ನು ನೋಡಿದಳು. ಅದನ್ನು ಮಾತ್ರ ನನಗೆ ತಡೆಯಲಾಗುತ್ತಿಲ್ಲ.

ಶಾಂತಮಲ್ಲಮ್ಮ


ಸಂತೆಮರಹಳ್ಳಿ
21 ಏಪ್ರಿಲ್ 1996

ಶಾಂತಾ,

ಅವ್ವನ ಮನೆಯಿಂದ ಬರೆಯುತ್ತಿದ್ದೇನೆ. ಅವ್ವ ನನ್ನ ಜೊತೆ ಮಾತಾಡುತ್ತಿಲ್ಲ.

ನಿನ್ನೆ ಕಾರೆಮಾಳಕ್ಕೆ ಹೋಗಿದ್ದೆ, ಕೇರಿಗೆ ಮಾತ್ರ. ಚಿಕ್ಕವ್ವ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾನು ಕಾಲು ಮುಟ್ಟಲು ಬಗ್ಗಿದರೆ ಕಾಲೆಳೆದುಕೊಂಡಳು. ನಿನ್ನ ಹೆಸರು ನಾನು ಬರೆಯಲಿಲ್ಲ ಎಂದೆ. "ನನ್ನೆಸ್ರು ಬರೀನಿಲ್ಲ ಕಣಮ್ಮಿ, ಸರಿ. ಯಾರೆಸ್ರೂ ಇಲ್ದೆ ಕಾಗ್ದ ಕೊಟ್ರೆ ಈ ಊರೊಳಗೆ ಯಾರೆಸ್ರು ತುಂಬ್ಕತರೆ ಅನ್ನದು ನಿಂಗೊತ್ತಿರ್ನಿಲ್ವ?" ಎಂದಳು. ನನಗೆ ಗೊತ್ತಿತ್ತು, ಶಾಂತಾ. ಆದರೆ ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ನಿನ್ನ ಯಜಮಾನರು ಮಾತ್ರ.

ಕಿತ್ತವರು ಯಾರೆಂದು ಕೇಳಿದೆ. ಬೆಳಗಾದರೆ ಬೋರೆಯ ಅಂಚಿನಲ್ಲಿರುವವಳು, ನೋಡಿಯೇ ಇರಬೇಕು. "ನಾ ಕೀಳ್ನಿಲ್ಲ. ಕಿತ್ತೋರು ತಿಳ್ದೋರು" ಎಂದಳು. ಅವಳ ನೋಟ ನನ್ನ ಮುಖವನ್ನು ಓದುತ್ತಿತ್ತು. ನಾನು ಬೇಗ ಎದ್ದು ಬಂದೆ.

ಜಗಲಿಯ ಮಾತು ಈಗ ಬರೆದುಬಿಡುತ್ತೇನೆ, ಒಳಗಿಟ್ಟುಕೊಂಡಿರಲು ಆಗುವುದಿಲ್ಲ. ಗಿಡ ನೆಡುವಾಗ ಒಂದು ಮಧ್ಯಾಹ್ನ ನೀರು ಕೇಳಿಕೊಂಡು ನಿಮ್ಮ ಮನೆಗೆ ಬಂದೆ. ಜಗಲಿಯ ತುದಿಯಲ್ಲಿ ಬೇರೆ ಲೋಟ ಇತ್ತು, ಅಂಚು ನೆಗ್ಗಿದ್ದು. ಸ್ಕೂಲಿನ ಬೆಂಚಿನಲ್ಲಿ ನನ್ನ ಬುತ್ತಿಯಿಂದ ತೆಗೆದು ತಿಂದ ನೀನು ಬಾಗಿಲಲ್ಲಿ ನಿಂತು ಎತ್ತರದಿಂದ ನೀರು ಹುಯ್ದೆ. ನಾನು ಕುಡಿದು, ಲೋಟ ತೊಳೆದು ಮಗುಚಿಟ್ಟು ಹೋದೆ. ಆವತ್ತಿನಿಂದ ನಿಮ್ಮ ಮನೆಯಿಂದ ಏನು ಕೆಟ್ಟದ್ದು ಬಂದರೂ ನಂಬಲು ನಾನು ಸಿದ್ಧವಾಗಿಬಿಟ್ಟಿದ್ದೆ.

ಕುಮಾರಿ


ಕಾರೆಮಾಳ
6 ಮೇ 1996

ಕುಮಾರಿ,

ಗಿಡ ಕಿತ್ತವಳು ನಾನು.

ಹೇಗೆ ಶುರುಮಾಡಬೇಕೆಂದು ಮೂರು ಹಾಳೆ ಹಾಳುಮಾಡಿದೆ. ಕೊನೆಗೆ ಇದೊಂದು ಸಾಲು ಬರೆದ ಮೇಲೆ ಉಳಿದದ್ದು ಬರುತ್ತಿದೆ.

ನನ್ನ ತವರಿನ ಕೆರೆಯಂಗಳ ನಿನಗೆ ನೆನಪಿರಬೇಕು, ಸ್ಕೂಲಿನಿಂದ ನನ್ನ ಜೊತೆ ಒಂದೆರಡು ಸಲ ಬಂದಿದ್ದೆ. ಸೌದೆಗಾಗುತ್ತದೆ ಎಂದು ಅಲ್ಲಿ ಬಳ್ಳಾರಿ ಜಾಲಿ ಬಿತ್ತಿದರು. ಹತ್ತು ವರ್ಷದಲ್ಲಿ ಕೆರೆಯೊಳಗೆ ಕಾಲಿಡಲು ಆಗದ ಹಾಗಾಯಿತು. ಅದರ ಕೆಳಗೆ ಹುಲ್ಲು ಹುಟ್ಟುವುದಿಲ್ಲ, ಆಡು ಅದರ ಎಲೆ ಮುಟ್ಟುವುದಿಲ್ಲ, ಕಾಯಿ ಮಾತ್ರ ತಿಂದು ಹೋದಲ್ಲೆಲ್ಲ ಬೀಜ ಹಾಕುತ್ತದೆ. ನಮ್ಮಪ್ಪನ ಅಂಗಾಲಿಗೆ ಹೊಕ್ಕ ಮುಳ್ಳು ಒಳಗೇ ಮುರಿದು ಕೀವಾಗಿ, ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಆ ಗಿಡವನ್ನು ನಾನು ಕಣ್ಣು ಮುಚ್ಚಿ ಮುಟ್ಟಿದರೂ ಹೇಳುತ್ತೇನೆ.

ಕಾರ್ತಿಕದಲ್ಲಿ ಹೊಲಕ್ಕೆ ಹೋದಾಗ ನಿಮ್ಮ ಬನ್ನಿ ನೋಡಿದೆ. ಬನ್ನಿಯ ಮುಳ್ಳು ಸಣ್ಣದು, ಕಾಂಡದ ಮೇಲೆ ಎಲ್ಲೆಂದರಲ್ಲಿ ಇರುತ್ತದೆ. ಇವುಗಳಲ್ಲಿ ಎಲೆ ಹೊರಡುವ ಗಿಣ್ಣಿನಲ್ಲಿ ಜೋಡಿ ಜೋಡಿ ಮುಳ್ಳು. ಬನ್ನಿ ಎಂದು ಹೆಸರು, ನೆಟ್ಟದ್ದು ಬಳ್ಳಾರಿ ಜಾಲಿ.

ಕೂಡಲೇ ನಿನಗೆ ಬರೆಯಬೇಕಿತ್ತು. ಬರೆಯಲಿಲ್ಲ. ಗಿಡದ ಕೆಲಸದವರಿಗೆ ಗಿಡ ಗೊತ್ತಿರುವುದಿಲ್ಲವೇ, ಗೊತ್ತಿದ್ದೇ ನೆಟ್ಟಿದ್ದಾರೆ ಎಂದುಕೊಂಡೆ. ಬೋರೆ ಯಾರಿಗೂ ಬೇಡವಾಗಲಿ, ಆಮೇಲೆ ಸುಲಭವಾಗಿ ಅಗೆಯಬಹುದು ಎಂದು ಜೀಪಿನವರ ಯೋಚನೆ ಇರಬೇಕು, ನೀನೂ ಅದರಲ್ಲಿ ಇದ್ದೀಯ ಎಂದುಕೊಂಡೆ. ಯಜಮಾನರಿಗೆ ಹೇಳಿದರೆ ಅದು ಊರ ಜಗಳವಾಗುತ್ತಿತ್ತು. ಹೊಲಕ್ಕೆ ಹೋದಾಗಲೆಲ್ಲ ಹತ್ತು ಹದಿನೈದು ಕಿತ್ತೆ. ಕೈ ಗೀರಿದ್ದನ್ನು ಕಂಡು ಯಜಮಾನರು ಕೇಳಿದರೆ ನಿಂಬೆಗಿಡ ಎಂದೆ. ಜನವರಿಯಲ್ಲಿ ನಿನ್ನನ್ನು ಬೀಜದ ಬಗ್ಗೆ ಕೇಳಿದ್ದು, ನೀನು ಏನಾದರೂ ಬಾಯಿ ಬಿಡುತ್ತೀಯಾ ಎಂದು. ನೀನು "ಮಾನ್ಯ ಸದಸ್ಯರಿಗೆ" ಎಂದು ಬರೆದೆ. ನನ್ನ ಅನುಮಾನ ಗಟ್ಟಿಯಾಯಿತು.

ರಾಚಮ್ಮನ ಆಡು ಕೂಡಲು ತೀರ್ಮಾನಿಸಿದ ಮೀಟಿಂಗಿನಲ್ಲಿ ನಾನೂ ಇದ್ದೆ. ಹೇಳಬಹುದಿತ್ತು. ನನ್ನ ಹೆಸರಿಗಿಂತ ಅವಳ ಹೆಸರು ಎಲ್ಲರಿಗೂ ಸುಲಭವಾಗಿತ್ತು. ನನಗೂ. ಬಸವಣ್ಣನವರು ಬೇಗ ರುಜು ಹಾಕಿದ್ದು ಯಾಕೆಂದು ಅವತ್ತು ಅರ್ಥವಾಯಿತು. ನಮ್ಮ ದನಗಳಿಗೆ ನಮ್ಮ ಹೊಲದ ಮೇವಿದೆ. ಬೋರೆ ಮುಚ್ಚಿದರೆ ಹೊಟ್ಟೆಗೆ ಹೊಡೆಯುವುದು ಕೇರಿಯ ಆಡುಗಳಿಗೆ ಮಾತ್ರ. ಅದು ನಿನಗೂ ಹೊಳೆಯಲಿಲ್ಲವಲ್ಲ.

ಹೋದ ಗುರುವಾರದ ಮೀಟಿಂಗಿನಲ್ಲಿ ಎದ್ದು ನಿಂತೆ. ಮೊದಲ ಸಲ. "ರಾಚಮ್ಮ ಕೀಳ್ನಿಲ್ಲ, ಕಿತ್ತೋಳು ನಾನು" ಎಂದೆ. ಯಜಮಾನರು ಮೆಲ್ಲಗೆ "ಕೂತ್ಕೊ" ಎಂದರು. ನಾನು ಕೂರಲಿಲ್ಲ. ಬಸವಣ್ಣನವರು ಇದನ್ನು ಪುಸ್ತಕದಲ್ಲಿ ಬರೆಯುವುದು ಬೇಡ ಎಂದರು. ಬರೆಯಿರಿ ಎಂದೆ. ಬರೆದರು. ಬೋರೆ ಮುಚ್ಚುವ ಒಪ್ಪಿಗೆಯನ್ನೂ ಅಲ್ಲೇ ತೆಗೆದುಹಾಕಿದರು. ಆಮೇಲೆ ಕೇರಿಗೆ ಹೋಗಿ ರಾಚಮ್ಮನ ಮುಂದೆ ಅದೇ ಮಾತು ಹೇಳಿದೆ. ಅವಳು, "ಗೊತ್ತಿತ್ತು ಕಣವ್ವ" ಎಂದಳು. ಯಜಮಾನರು ನಾಲ್ಕು ದಿನದಿಂದ ನನ್ನೊಡನೆ ಮಾತಾಡಿಲ್ಲ.

ಲೋಟದ ಮಾತು. ಅತ್ತೆ ಇಟ್ಟದ್ದು ಎಂದು ಬರೆಯಬಹುದು. ಇಟ್ಟವಳು ನಾನೇ. ನೀನು ಬರುತ್ತಿರುವುದನ್ನು ಕಿಟಕಿಯಿಂದ ನೋಡಿ ಇಟ್ಟೆ. ಇದಕ್ಕೆ ಕ್ಷಮೆ ಎನ್ನುವ ಮಾತು ಸಾಲದು, ಅದಕ್ಕೇ ಬರೆಯುತ್ತಿಲ್ಲ.

ಶಾಂತಾ


ಗುಂಡ್ಲುಪೇಟೆ
20 ಜೂನ್ 1996

ಶಾಂತಾ,

ನಿನ್ನ ಕಾಗದವನ್ನು ಆರು ವಾರ ಕೈಚೀಲದಲ್ಲಿಟ್ಟುಕೊಂಡು ತಿರುಗಿದೆ. ನೀನು ಬರೆದಷ್ಟನ್ನು ನಾನೂ ಬರೆಯದಿದ್ದರೆ ಉತ್ತರಿಸುವ ಹಕ್ಕು ನನಗಿಲ್ಲ.

ನನಗೆ ಗೊತ್ತಿತ್ತು.

ಹೋದ ವರ್ಷ ಬನ್ನಿಯ ಬೀಜ ಸಾಕಷ್ಟು ಸಿಕ್ಕಲಿಲ್ಲ. ಸಂತೆಯಲ್ಲಿ ಒಬ್ಬ ಬನ್ನಿ ಎಂದು ಹೇಳಿ ಕೊಟ್ಟ ಬೀಜ ಹಾಕಿದೆ. ಆಗಸ್ಟಿನಲ್ಲಿ ಸಸಿ ಗೇಣುದ್ದವಾದಾಗ ಗಿಣ್ಣಿನಲ್ಲಿ ಜೋಡಿ ಮುಳ್ಳು ಕಂಡೆ. ಕಂಡೂ ನೀರು ಹಾಕಿಸಿದೆ. ಇಷ್ಟು ಸಾವಿರ ಸಸಿ ಎಂದು ಮೇಲಿನವರಿಗೆ ಹೇಳಿಯಾಗಿತ್ತು, ಬನ್ನಿ ಎಂದು ಬೋರ್ಡು ಬರೆಸಿಯಾಗಿತ್ತು. ನೋಡುವವರು ಬಂದುಹೋಗಲಿ, ಆಮೇಲೆ ಸದ್ದಿಲ್ಲದೆ ತೆಗೆಸೋಣ ಎಂದುಕೊಂಡೆ. ನಮ್ಮ ನರ್ಸರಿಯಲ್ಲಿ ಹೆಂಗಸು ಮುಖ್ಯಸ್ಥೆಯಾಗಿದ್ದು ನಾನೇ ಮೊದಲು. ನಮ್ಮ ಕೇರಿಯವಳೊಬ್ಬಳು ಅಲ್ಲಿ ಕೂತದ್ದೂ ಮೊದಲು. ತಪ್ಪಿದೆ ಎಂದು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ.

ಗಿಡ ಕಿತ್ತವರನ್ನು ಹುಡುಕಲು ನಾನು ಅಷ್ಟು ಅವಸರ ಮಾಡಿದ್ದು ಗಿಡದ ಮೇಲಿನ ಪ್ರೀತಿಯಿಂದಲ್ಲ. ಕಿತ್ತವರಿಗೆ ಅದು ಏನೆಂದು ಗೊತ್ತಾಗಿದೆ ಎಂಬ ಹೆದರಿಕೆಯಿಂದ. ನೀನು ಬೀಜದ ಬಗ್ಗೆ ಕೇಳಿದಾಗ ಸಿಕ್ಕಿಬಿದ್ದೆ ಎಂದುಕೊಂಡೆ. ಅದಕ್ಕೇ "ಮಾನ್ಯ ಸದಸ್ಯರಿಗೆ" ಎಂದು ಬರೆದೆ.

ಸಂಸ್ಥೆಯ ಮುಖ್ಯಸ್ಥರಾದ ಶಿವರುದ್ರಸ್ವಾಮಿಯವರಿಗೆ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. ಕಿಟಕಿಯ ಕಡೆ ತಿರುಗಿ, "ಉಳಿದ ಗಿಡಗಳ ಹೆಸರಾದರೂ ನಿಜವೇನಮ್ಮ?" ಎಂದು ಕೇಳಿದರು. ಆ ಮಾತು ಕೂಗಾಟಕ್ಕಿಂತ ಹೆಚ್ಚಾಯಿತು. ಈಗ ನಾನು ಉಸ್ತುವಾರಿಯಲ್ಲಿಲ್ಲ. ಕೂಲಿ ಹೆಂಗಸರ ಜೊತೆ ಕೂತು ಚೀಲಕ್ಕೆ ಮಣ್ಣು ತುಂಬುತ್ತೇನೆ. ಕೆಲಸ ಉಳಿದದ್ದೇ ದೊಡ್ಡದು.

ಹೋದ ಭಾನುವಾರ ನಾನೊಬ್ಬಳೇ ಬಂದು ಉಳಿದ ಜಾಲಿಯನ್ನೆಲ್ಲ ಕಿತ್ತೆ. ಬೇರು ಆಗಲೇ ಮೊಳದಾಳ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಚಿಕ್ಕವ್ವ ಗುದ್ದಲಿ ಹಿಡಿದುಕೊಂಡು ಬಂದಳು. ನನ್ನ ಹತ್ತಿರ ಬರಲಿಲ್ಲ. ಪಟ್ಟಿಯ ಆ ತುದಿಯಿಂದ ಅಗೆಯುತ್ತಾ ಬಂದಳು. ನಾವು ನಡುವೆ ಸೇರುವ ಹೊತ್ತಿಗೆ ಸಂಜೆಯಾಗಿತ್ತು. "ನಿಂಗೂ ಗೊತ್ತಿತ್ತು ಅಲ್ವ" ಎಂದಳು. ಹೂಂ ಎಂದೆ. ಅವಳು ಗುದ್ದಲಿ ಹೆಗಲಿಗೇರಿಸಿ ಇಳಿದು ಹೋದಳು.

ಕುಮಾರಿ


ಕಾರೆಮಾಳ
24 ನವೆಂಬರ್ 1997

ಕುಮಾರಿ,

ಒಂದೂವರೆ ವರ್ಷದಲ್ಲಿ ನಮ್ಮ ನಡುವೆ ಕಾಗದವಿಲ್ಲ. ಅಷ್ಟರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾಯಿತು, ನಮ್ಮತ್ತೆ ತೀರಿಕೊಂಡರು. ಈ ಕಾಗದವನ್ನು ನಾನೇ ನಡೆದುಹೋಗಿ ಡಬ್ಬಿಗೆ ಹಾಕುತ್ತಿದ್ದೇನೆ. ನನಗೆ ಬರುವುದನ್ನು ಈಗ ಯಾರೂ ಒಡೆಯುವುದಿಲ್ಲ. ಯಜಮಾನರು ಮುಟ್ಟದೆ ಗೂಡಿನಲ್ಲಿ ಇಡುತ್ತಾರೆ. ಅದು ನಂಬಿಕೆಯೋ ಬೇಸರವೋ ಕೇಳಿಲ್ಲ.

ಬೋರೆಯ ಸುದ್ದಿ ಹೇಳಬೇಕು. ಈ ಸಲದ ಮಳೆಯಾದ ಮೇಲೆ ರಾಚಮ್ಮ ನನ್ನನ್ನು ಕರೆದುಕೊಂಡು ಹೋದಳು. ನೀವು ನೆಟ್ಟದ್ದರಲ್ಲಿ ಕಾರೆ, ತಂಗಡಿ ನಿಂತಿವೆ. ಉಳಿದದ್ದನ್ನು ನಮ್ಮ ದನವೂ ಸೇರಿ ಮೇಯ್ದುಹಾಕಿವೆ. ಆದರೆ ನೀವು ನೆಡದೇ ಇದ್ದದ್ದು ಎದ್ದಿದೆ. ಲಂಟಾನ ಕಡಿದು ಹಾಕಿದ ರಾಶಿಗಳಿದ್ದವಲ್ಲ, ಅವುಗಳ ಒಳಗಿನಿಂದ ಹಳೆಯ ಬಂದರೆ, ಕವಳೆಯ ಬೊಡ್ಡೆಗಳು ಚಿಗುರಿವೆ. ಅಷ್ಟು ವರ್ಷ ನೆಲದಡಿಯಲ್ಲಿ ಬೇರು ಸತ್ತಿರಲಿಲ್ಲ. ಮುಳ್ಳಿನ ರಾಶಿಯಿಂದ ಆಡಿನ ಬಾಯಿ ತಲುಪಲಿಲ್ಲ, ಉಳಿದುಕೊಂಡವು. ಸುತ್ತ ಗಂಜಳಗರಿಕೆ ತೆನೆ ಬಿಟ್ಟಿದೆ. ಅದರೊಳಗಿನಿಂದ ಗೌಜಲಕ್ಕಿ ಎದ್ದು ಹಾರಿತು, ನಾನು ಬೆಚ್ಚಿದೆ.

ರಾಚಮ್ಮ ಒಂದೊಂದು ಗಿಡದ ಮುಂದೆ ನಿಂತು, ಇದಕ್ಕೆ ಎಷ್ಟು ವರ್ಷ, ಇದರ ಪಕ್ಕ ಏನು ಹುಟ್ಟುತ್ತದೆ, ಯಾವುದನ್ನು ಆಡು ಯಾವ ತಿಂಗಳಲ್ಲಿ ಮುಟ್ಟುವುದಿಲ್ಲ ಎಂದು ಹೇಳುತ್ತಾ ಹೋದಳು. ನೀನು ಗುಂಡ್ಲುಪೇಟೆಯಲ್ಲಿ ಕೂತು, ನಾನು ಇಲ್ಲಿ ಕೂತು ಅಷ್ಟು ಕಾಗದ ಬರೆದೆವು. ಇಬ್ಬರಲ್ಲಿ ಒಬ್ಬರೂ ಅವಳನ್ನು ಕೇಳಿರಲಿಲ್ಲ.

ಅವಳ ಮಾತು ಹೀಗೆ. ಇಡೀ ಬೋರೆ ಮುಚ್ಚಬೇಡಿ. ಎರಡು ಮಳೆಗಾಲ ಅರ್ಧ ಮುಚ್ಚಿ, ಅರ್ಧ ಬಿಡಿ, ಆಮೇಲೆ ಅದಲುಬದಲು ಮಾಡಿ. ನೆಡುವುದಕ್ಕಿಂತ ಇದ್ದ ಬೊಡ್ಡೆಗೆ ಮುಳ್ಳು ಹೊದಿಸಿ. ಇದನ್ನು ಶಿವರುದ್ರಸ್ವಾಮಿಯವರಿಗೆ ಬರೆದೆ. ಅವರು ಬಂದು ರಾಚಮ್ಮನ ಹಿಂದೆ ಅರ್ಧ ದಿನ ನಡೆದರು. ಒಪ್ಪಂದದ ಕಾಗದ ಸಿದ್ಧವಾಗಿದೆ, ನಿನಗೂ ಒಂದು ಪ್ರತಿ ಕೊಟ್ಟಿರಬೇಕು. ಕೇರಿಯ ಆಡಿನವರ ರುಜು ಇಲ್ಲದೆ ಈ ಸಲ ನಡೆಯುವುದಿಲ್ಲ ಎಂದು ನಾನು ಮೀಟಿಂಗಿನಲ್ಲಿ ಹಟ ಹಿಡಿದೆ. ಬಸವಣ್ಣನವರು ಎದ್ದು ಹೋದರು. ಆದರೂ ಹೆಚ್ಚು ಕೈ ನನ್ನ ಕಡೆ ಎದ್ದವು.

ಈಗ ತೊಡಕು ರಾಚಮ್ಮನದೇ. ಹೆಬ್ಬೆಟ್ಟು ಕೇಳಲು ಹೋದರೆ ಒತ್ತಲಿಲ್ಲ. ನಾನು ಓದಿ ಹೇಳುತ್ತೇನೆ ಎಂದೆ. ಅದಕ್ಕೆ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ನೀನೊಬ್ಳೇ ಓದುದ್ರೆ ಆಗದಿಲ್ಲ ಕಣವ್ವ. ಮೊದ್ಲು ಅವ್ಳು ಬಂದು ಓದ್ಲಿ, ನೀನು ಆಚೆಗಿರು. ಆಮ್ಯಾಕೆ ನೀನು ಓದು, ಅವ್ಳು ಆಚೆಗಿರ್ಲಿ. ಎರಡೂ ಒಂದೇ ಥರ ಕೇಳುಸ್ತೋ, ಆಗ ಒತ್ತೀನಿ."

ಆಗಲಿ ಎಂದು ಬಂದೆ.

ಯಾವಾಗ ಬರುತ್ತೀಯ ಬರೆ. ಬಸ್ಸಿಗೆ ನಾನೇ ಬಂದು ನಿಂತಿರುತ್ತೇನೆ. ಊಟ ನಮ್ಮ ಮನೆಯಲ್ಲಿ, ಒಳಗೆ.

ಶಾಂತಾ


ಗುಂಡ್ಲುಪೇಟೆ
29 ನವೆಂಬರ್ 1997

ಶಾಂತಾ,

ಡಿಸೆಂಬರ್ ಏಳು, ಭಾನುವಾರ, ಮೊದಲ ಬಸ್ಸಿಗೆ ಬರುತ್ತೇನೆ. ಒಪ್ಪಂದದ ಪ್ರತಿ ನನ್ನ ಹತ್ತಿರ ಇದೆ. ಅದನ್ನು ಒಮ್ಮೆ ಮಾತ್ರ ಓದಿ ಎತ್ತಿಟ್ಟಿದ್ದೇನೆ. ನೀನೂ ಅದನ್ನು ಸುಲಭ ಮಾಡಿ ಹೇಳಲು ಹೋಗಬೇಡ, ಇದ್ದದ್ದನ್ನು ಇದ್ದ ಹಾಗೆ ಓದು.

ಊಟಕ್ಕೆ ಬರುತ್ತೇನೆ, ಆದರೆ ಹೆಬ್ಬೆಟ್ಟು ಬಿದ್ದ ಮೇಲೆ. ಅಲ್ಲಿಯವರೆಗೆ ನೀನು ಬಸ್ಸಿನ ಹತ್ತಿರ ಬರಬೇಡ, ದಾರಿಯಲ್ಲಿ ಸಿಕ್ಕರೂ ಮಾತಾಡಿಸಬೇಡ. ನಾವಿಬ್ಬರೂ ಜೊತೆಯಲ್ಲಿ ನಡೆದುಬರುವುದನ್ನು ಕಂಡರೆ ಚಿಕ್ಕವ್ವ ಒತ್ತುವುದಿಲ್ಲ.

ಕುಮಾರಿ